ಮೇಲಕ್ಕೆ ಹೋಗದ ಪ್ರಾರ್ಥನೆ

ನರ್ಸಮ್ಮನ ಬೆರಳುಗಳಲ್ಲಿ ಉಗುರು ಇದೆಯೋ ಇಲ್ಲವೋ ಎಂದು ಹತ್ತಿರ ಹೋಗಿ ನೋಡಬೇಕಿತ್ತು. ಮಾಂಸಕ್ಕೆ ತಾಗುವಷ್ಟು ಒತ್ತಿ ಕತ್ತರಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಹೆರಿಗೆ ಮಾಡಿಸಿದ ಕೈ ಅದು. ನಿವೃತ್ತಿಯಾಗಿ ಎಷ್ಟೋ ಕಾಲವಾದ ಮೇಲೂ, ತಾವು ಕೆಲಸ ಮಾಡಿದ್ದ ಆತಗೂರು ಕಡೆಯಿಂದ ಯಾರೋ ಬಂದು ಬಾಗಿಲು ತಟ್ಟಬಹುದು ಎನ್ನುವ ಹಾಗೆ ಅದನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಭಾನುವಾರದ ಆರಾಧನೆ ಮುಗಿದು ಹೊರಗೆ ಬಂದರೆ ಮಕ್ಕಳ ಕೈ ಹಿಡಿದು ಉಗುರು ನೋಡುವುದು ಅವರ ಮೊದಲ ಕೆಲಸ. ದೊಡ್ಡವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನಮ್ಮ ಸಭಾಪಾಲಕರ ಕೈಯನ್ನೇ ಹಿಡಿದು, "ಅಯ್ನೋರೇ, ಈ ಕೈಲಿ ತಾನೆ ರೊಟ್ಟಿ ಮುರ್ದು ನಮ್ ಬಾಯ್ಗೆ ಕೊಡೋದು?" ಎಂದುಬಿಟ್ಟರು. ಮುಂದಿನ ತಿಂಗಳ ಪ್ರಭುಭೋಜನದ ದಿನ ಅಯ್ಯನವರ ಕೈ ಮದುಮಗನ ಕೈಯಂತಿತ್ತು.

ಮದ್ದೂರಿನ ನಮ್ಮ ಚರ್ಚು ಚಿಕ್ಕದು. ಹಬ್ಬ ಬಿಟ್ಟರೆ ನಲವತ್ತು ಜನ ಸೇರಿದರೆ ಹೆಚ್ಚು. ನಾನು ಮಳವಳ್ಳಿಯವನು, ಹೈಸ್ಕೂಲು ಮೇಷ್ಟ್ರಾಗಿ ಮದ್ದೂರಿಗೆ ಬಂದವನು. ಬಂದ ವರ್ಷವೇ ನಮಗೆ ಮಗಳು ಹುಟ್ಟಿದಳು. ಕೂಸು ಮೊಲೆ ಹಿಡಿಯುತ್ತಿರಲಿಲ್ಲ, ಅಳುತ್ತಿತ್ತು, ಜೊತೆಗೆ ನನ್ನ ಹೆಂಡತಿಯೂ ಅಳುತ್ತಿದ್ದಳು. ಯಾರು ಹೇಳಿದರೋ ಏನೋ, ಬೆಳಿಗ್ಗೆ ಆರು ಗಂಟೆಗೆ ಬಿಳಿ ಸೀರೆಯುಟ್ಟ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, "ನೀವ್ ಆಚ್ಗೋಗಿ ಮೇಷ್ಟ್ರೆ, ಇದು ನಿಮ್ ಸಿಲಬಸ್ಸಲ್ಲ" ಎಂದರು. ಏಳು ದಿನ ಬಂದರು. ಎಂಟನೆಯ ದಿನ ಮಗು ಹಾಲು ಕುಡಿದು ನಿದ್ದೆ ಹೋಯಿತು. ಅಂದಿನಿಂದ ಅವರು ನಮ್ಮ ಮನೆಯ ಹಿರಿಯರೇ ಆದರು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದನ್ನು ಓದುವಾಗ ಇದು ನೆನಪಿರಲಿ.

ಗಂಡ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಪ್ರಾರ್ಥನೆ ಕೂಟ ನಡೆಯುತ್ತಿತ್ತು. ಹತ್ತು ಹನ್ನೆರಡು ಜನ. ಕೂಟಕ್ಕೆ ಅವರದೇ ಕಟ್ಟಳೆ ಇತ್ತು: ಮೊದಲು ಪ್ರಾರ್ಥನೆ, ಆಮೇಲೆ ಜಗಳ, ಆಮೇಲೆ ಊಟ. ಜಗಳ ಎಂದರೆ ರಾಜಕೀಯ. ಮಂಡ್ಯ ಸೀಮೆಯಲ್ಲಿ ನಾಲ್ಕು ಜನ ಕೂತರೆ ರಾಜಕೀಯ ಬಾರದೆ ಇರುತ್ತದೆಯೇ? ಅದನ್ನು ಅವರು ತಡೆಯುತ್ತಲೂ ಇರಲಿಲ್ಲ. ಕಾಲು ಚಾಚಿ ಕೂತು, ಪೇಪರನ್ನು ಮಡಿಸಿ ಬೀಸಣಿಗೆ ಮಾಡಿಕೊಂಡು, "ಶುರು ಮಾಡ್ರಪ್ಪ" ಎನ್ನುತ್ತಿದ್ದರು. ಎಷ್ಟು ಬೇಕಾದರೂ ಕೂಗಾಡಬಹುದು. ಆದರೆ ಉಣ್ಣದೆ ಯಾರೂ ಎದ್ದು ಹೋಗುವಂತಿಲ್ಲ. ಯಾರ ಜೊತೆ ಹೆಚ್ಚು ಕಚ್ಚಾಡಿದಿರೋ ಅವರ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟ ಮೇಲೆಯೇ ನೀವು ಕೂರಬೇಕು. ಅವರ ಬಸ್ಸಾರಿನ ಖಾರಕ್ಕೆ ಮೂಗು ಸುರಿಯುವಾಗ ಯಾವ ಪಕ್ಷದ ಅಭಿಮಾನವೂ ಉಳಿಯುತ್ತಿರಲಿಲ್ಲ.

ಚುನಾವಣೆ ಬಂತೆಂದರೆ ಇನ್ನೊಂದು ಕಟ್ಟಳೆ ಸೇರುತ್ತಿತ್ತು. ಪ್ರತಿಯೊಬ್ಬರೂ ತಾವು ಓಟು ಹಾಕದ ಅಭ್ಯರ್ಥಿಗಾಗಿ, ಅವನ ಹೆಸರು ಹಿಡಿದು, ಗಟ್ಟಿಯಾಗಿ ಪ್ರಾರ್ಥನೆ ಮಾಡಬೇಕು. ಅವನು ಸೋಲಲಿ ಎಂದಲ್ಲ, ಬುದ್ಧಿ ಬರಲಿ ಎಂದೂ ಅಲ್ಲ. ಅವನ ಆರೋಗ್ಯಕ್ಕೆ, ಅವನ ಹೆಂಡತಿ ಮಕ್ಕಳಿಗೆ. ಮೊದಲ ಸಲ ನನ್ನ ಸರದಿ ಬಂದಾಗ ಎರಡು ನಿಮಿಷ ತೊದಲಿ ಮುಗಿಸಿದೆ. ಅವರು ನಕ್ಕು, "ಮಸಿ ಬೆರಳ್ಗೆ ಅಚ್ಚೋದು ಕಣ್ ಮೇಷ್ಟ್ರೆ, ಒಬ್ರ್ ಮಕಕ್ಕೊಬ್ರು ಬಳ್ಯಕ್ಕಲ್ಲ" ಎಂದರು. ಆಗ ನಾನೂ ನಕ್ಕಿದ್ದೆ.

ನರ್ಸಮ್ಮ ಯಾವ ಪಕ್ಷಕ್ಕೆ ಓಟು ಹಾಕುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅದು ನನಗೆ ಆಗದ ಪಕ್ಷ. ಅವರು ಕೆಲಸ ಮಾಡುತ್ತಿದ್ದ ಒಂದು ಹಳ್ಳಿಗೆ ರಸ್ತೆ ಇರಲಿಲ್ಲ. ಚೊಚ್ಚಲ ಬಸುರಿಯೊಬ್ಬಳನ್ನು ಎತ್ತಿನ ಗಾಡಿಯಲ್ಲಿ ಕೆಸರು ದಾಟಿಸಿ ತರುವಾಗ, ಇವರ ತೊಡೆಯ ಮೇಲೆ ತಲೆಯಿಟ್ಟು ಅವಳು ಸತ್ತಳಂತೆ. ಅಧಿಕಾರದಲ್ಲಿದ್ದವರು ಅರ್ಜಿ ಇಸಿದುಕೊಂಡು ಸುಮ್ಮನಾದರು. ಬೇರೆ ಪಕ್ಷದಿಂದ ಗೆದ್ದು ಬಂದವನು ಮೊದಲ ವರ್ಷವೇ ರಸ್ತೆ ಮಾಡಿಸಿದ. ಅವನಿಗೆ ನರ್ಸಮ್ಮ ಕೊಟ್ಟ ಓಟು ಅವನ ಪಕ್ಷಕ್ಕೇ ಉಳಿಯಿತು. ನನ್ನ ಸಂಕಟ ಬೇರೆ. ಬೇರೆ ಊರುಗಳಲ್ಲಿ ನಮ್ಮವರ ಪ್ರಾರ್ಥನೆ ನಿಲ್ಲಿಸಿದ, ಹೊಡೆದ ಸುದ್ದಿಗಳು ಬರುತ್ತಿದ್ದವು. ಆ ಪಕ್ಷದವರು ತುಟಿ ಬಿಚ್ಚಲಿಲ್ಲ ಎಂಬುದು ನನ್ನ ಸಿಟ್ಟು. ನಾನು ರಾತ್ರಿಯೆಲ್ಲ ಫೋನಿನಲ್ಲಿ ಅಂಥವೇ ವಿಡಿಯೋ ನೋಡಿ, ಬೆಳಗಾಗುವ ಹೊತ್ತಿಗೆ ಕುದಿಯುತ್ತಿದ್ದೆ.

ಆ ಚುನಾವಣೆಗೆ ಮುಂಚಿನ ಕೊನೆಯ ಶುಕ್ರವಾರ ನಾನು ಕುದಿಯುತ್ತಲೇ ಅವರ ಮನೆಗೆ ಹೋದೆ. ಪ್ರಾರ್ಥನೆಯ ಸರದಿ ಬಂದಾಗ ಹಾರಿಸಿದೆ. ಜಗಳದ ಹೊತ್ತಿಗೆ ನೇರವಾಗಿ ಅವರನ್ನೇ ಹಿಡಿದೆ.

"ನಮ್ಮವರಿಗೆ ಹೊಡೆದಾಗ ನಿಮ್ಮ ಪಕ್ಷದವರು ಬಾಯಿ ಬಿಟ್ಟರಾ, ಹೇಳಿ?"

"ಬುಡ್ಲಿಲ್ಲ. ಅದು ತಪ್ಪೇಯ. ಇಲ್ಲಿಗ್ ಓಟ್ ಕೇಳಕ್ ಬಂದಾಗ ನಾನೂ ಕೇಳಿವ್ನಿ."

"ಕೇಳಿ ಏನು ಮಾಡಿದಿರಿ? ಓಟು ಮತ್ತೆ ಅವರಿಗೇ ತಾನೆ?"

"ಊಂ, ಆಕ್ತೀನಿ. ನಿಮ್ಗೆ ಒಡಿಸ್ಕಂಡೋರು ಕಾಣ್ತಾರೆ, ನಂಗೆ ಆ ಗಾಡೀಲಿ ಸತ್ತೋದೋಳು ಕಾಣ್ತಾಳೆ. ನೀವ್ ಸುಳ್ಳು ಅಂತ ನಾನಂದಿಲ್ಲ. ನನ್ನೂ ಸುಳ್ಳು ಅನ್ಬ್ಯಾಡಿ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ನಿಲ್ಲಿಸಲಿಲ್ಲ. "ನಿಮಗೆ ರಸ್ತೆ ದೊಡ್ಡದಾಯಿತು, ಕ್ರಿಸ್ತ ಸಣ್ಣವನಾದ" ಎಂದೆ. ಅವರು ಪೇಪರಿನ ಬೀಸಣಿಗೆಯನ್ನು ಕೆಳಗಿಟ್ಟು, "ಮೊದ್ಲು ಊಟ ಮಾಡಿ ಮೇಷ್ಟ್ರೆ, ಬನ್ನಿ" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವರ ಮನೆಯಿಂದ ಉಣ್ಣದೆ ಎದ್ದು ಹೋದವನು ಅಲ್ಲಿಯವರೆಗೆ ಒಬ್ಬನೂ ಇರಲಿಲ್ಲ.

ಆ ಭಾನುವಾರ ಸಭೆಯ ಪರವಾಗಿ ವಿಜ್ಞಾಪನೆಯ ಪ್ರಾರ್ಥನೆ ಮಾಡುವ ಸರದಿ ನನ್ನದು. ನನ್ನ ಪ್ರಾರ್ಥನೆಗೆ ಒಳ್ಳೆಯ ಹೆಸರಿತ್ತು. ಮೇಷ್ಟ್ರಲ್ಲವೇ, ಮಾತಿಗೆ ಬರವಿರಲಿಲ್ಲ. ರೋಗಿಗಳಿಗಾಗಿ, ಪರೀಕ್ಷೆ ಬರೆದ ಮಕ್ಕಳಿಗಾಗಿ, ದೇಶಕ್ಕಾಗಿ ಬೇಡಿದೆ. ಎಲ್ಲರ ಕಣ್ಣೂ ಮುಚ್ಚಿತ್ತು. ಆಗ ನನ್ನ ಬಾಯಿಂದ ಬಂದದ್ದು ಇದು: "ತಂದೆಯೇ, ಬಿಳಿ ವಸ್ತ್ರ ಉಟ್ಟು ನಿನ್ನ ಸನ್ನಿಧಿಗೆ ಬಂದು, ಹೊರಗೆ ಹೋಗಿ ನಿನ್ನ ಮಕ್ಕಳನ್ನು ಹೊಡೆಯುವವರ ಕೈ ಬಲಪಡಿಸುವವರನ್ನು ಕ್ಷಮಿಸು. ಅವರ ಕಣ್ಣು ತೆರೆಸು."

ಬಾಯಿಂದ ಬಂದದ್ದು ಎಂದು ಬರೆದೆನಲ್ಲ, ಅದೂ ಒಂದು ಸುಳ್ಳು. ಆ ಮಾತುಗಳನ್ನು ಶನಿವಾರವೇ ಜೋಡಿಸಿಟ್ಟುಕೊಂಡಿದ್ದೆ. ನಮ್ಮ ಸಭೆಯಲ್ಲಿ ಬಿಳಿ ಸೀರೆ ಉಡುತ್ತಿದ್ದವರು ಅವರೊಬ್ಬರೇ. ಪ್ರಾರ್ಥನೆಯಲ್ಲಿ ಬೈದರೆ ಯಾರೂ ಎದುರು ಹೇಳುವಂತಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ದೇವರ ಜೊತೆ ಮಾತಾಡುವವನನ್ನು ತಡೆಯುವವರು ಯಾರು? ಎಲ್ಲರೂ "ಆಮೆನ್" ಎಂದರು. ಎಂದಿಗಿಂತ ಗಟ್ಟಿಯಾಗಿಯೇ ಎಂದರು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕುಲುಕುವುದು ನಮ್ಮಲ್ಲಿ ವಾಡಿಕೆ. ಅವರು ಎಂದಿನಂತೆ ಬಂದು ನನ್ನ ಕೈ ಹಿಡಿದರು.

"ಚೆನ್ನಾಗ್ ಮಾಡುದ್ರಿ ಮೇಷ್ಟ್ರೆ. ಆದ್ರೆ ಅದು ಮ್ಯಾಲಕ್ಕೋಗ್ಲಿಲ್ಲ. ನನ್ನತ್ರಕ್ಕೆ ಬಂತು."

"ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲಮ್ಮ" ಎಂದೆ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಹಾಗೆಂದೆ. ಅವರು ಪಕ್ಕದಲ್ಲಿದ್ದ ನನ್ನ ಮಗಳ ಕೆನ್ನೆ ತಟ್ಟಿ ಹೊರಟುಹೋದರು.

ಮುಂದಿನ ಶುಕ್ರವಾರ ಕೂಟಕ್ಕೆ ಐದು ಜನ ಬಂದರಂತೆ, ಅದರ ಮುಂದಿನ ವಾರ ಮೂವರು. ಅವರು ಯಾರಿಗೆ ಓಟು ಹಾಕುತ್ತಾರೆಂದು ಮೊದಲಿನಿಂದಲೂ ಗೊತ್ತಿದ್ದವರೇ ಈಗ ಏನೋ ಹೊಸದಾಗಿ ಕಂಡುಹಿಡಿದವರಂತೆ ಪಿಸುಗುಡತೊಡಗಿದರು. ಅಲ್ಲಿಯವರೆಗೆ ಅದು ಅವರ ಅಭಿಪ್ರಾಯವಾಗಿತ್ತು. ನನ್ನ ಪ್ರಾರ್ಥನೆ ಅದನ್ನು ಪಾಪ ಮಾಡಿತ್ತು. ನನ್ನ ಹೆಂಡತಿ ಮಾತ್ರ ಮಗಳನ್ನು ಕರೆದುಕೊಂಡು ತಪ್ಪದೆ ಹೋಗುತ್ತಿದ್ದಳು. ಬಂದು, "ಅನ್ನೆರ್ಡ್ ಜನಕ್ಕೆ ಆಗೋಷ್ಟು ಸಾರು ಮಾಡ್ತಾರೆ ಕಣ್ರೀ ಈಗ್ಲೂ. ನೀವ್ ಓಗಿ ಒಂದ್ ಮಾತು ಏಳ್ಬುಡಿ" ಎನ್ನುತ್ತಿದ್ದಳು. ಹೋಗುತ್ತೇನೆ ಎನ್ನುತ್ತಿದ್ದೆ. ಫಲಿತಾಂಶ ಬರಲಿ ಎಂದುಕೊಂಡೆ. ಬಂತು, ನಾನು ಬಯಸಿದವರು ಗೆದ್ದರು. ಈಗ ಹೋದರೆ ಗೆದ್ದ ಜಂಬ ತೋರಿಸಲು ಬಂದ ಎಂದುಕೊಳ್ಳುತ್ತಾರೆ ಎಂಬ ನೆಪ ಸಿಕ್ಕಿತು. ಆಮೇಲೆ ಶಾಲೆ ಶುರುವಾಯಿತು. ನೆಪಗಳಿಗೂ ನನಗೆ ಬರವಿರಲಿಲ್ಲ.

ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಗೊತ್ತಾದ ಮೇಲೆ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ಮಾತು ಕಟ್ಟಿಕೊಂಡೆ. ಅಮ್ಮ, ನನ್ನಿಂದ ತಪ್ಪಾಯಿತು, ಆ ಪ್ರಾರ್ಥನೆ ನಿಮ್ಮ ಮೇಲೇ ಮಾಡಿದ್ದು. ಇಷ್ಟೇ, ಎರಡು ಮಾತು. ವಾರ್ಡಿನಲ್ಲಿ ಅವರು ದಿಂಬಿಗೊರಗಿ ಕೂತು, ಪಕ್ಕದ ಮಂಚದಲ್ಲಿದ್ದ ಕೊತ್ತತ್ತಿಯ ಹೆಂಗಸಿಗೆ ಹೇಗೆ ಮಲಗಬೇಕೆಂದು ಹೇಳಿಕೊಡುತ್ತಿದ್ದರು. ನನ್ನನ್ನು ಕಂಡು ಮುಖವರಳಿತು. "ನಮ್ ಮೇಷ್ಟ್ರು ಕಣವ್ವ. ಬೋ ಚೆನ್ನಾಗ್ ಪ್ರಾರ್ಥನೆ ಮಾಡ್ತಾರೆ" ಎಂದು ಆಕೆಗೆ ಪರಿಚಯಿಸಿದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮಾಡಿ ಮೇಷ್ಟ್ರೆ, ನಂಗೋಸ್ಕರ" ಎಂದು ಕಣ್ಣು ಮುಚ್ಚಿದರು.

ನನ್ನದೇ ಮಾತುಗಳನ್ನು ಬಿಟ್ಟು, ಚಿಕ್ಕಂದಿನಿಂದ ಬಾಯಿಪಾಠವಾಗಿರುವ ಕರ್ತನ ಪ್ರಾರ್ಥನೆಯನ್ನು ಶುರು ಮಾಡಿದೆ. ಅವರೂ ಸಣ್ಣ ದನಿಯಲ್ಲಿ ಜೊತೆಗೂಡಿದರು. ಕ್ಷಮೆಯನ್ನು ಬೇಡುವ ಸಾಲು ಬಂದಾಗ ಅವರ ದನಿ ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದರು. ನನ್ನ ಕಣ್ಣೂ ತೆರೆದಿತ್ತು. ಅವರು ಕಾಯುತ್ತಿದ್ದರು, ಅಷ್ಟು ನನಗೆ ಸ್ಪಷ್ಟವಾಗಿ ತಿಳಿಯಿತು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಆ ಎರಡು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದ ಮಂಚದವಳು ಕೇಳಿಸಿಕೊಳ್ಳುತ್ತಾಳಲ್ಲ ಎಂದು ಸಂಕೋಚವಾಯಿತು. ನಲವತ್ತು ಜನರ ಮುಂದೆ ಅವರ ಮಾನ ಕಳೆದವನಿಗೆ ಒಬ್ಬ ಹೆಂಗಸಿನ ಮುಂದೆ ತನ್ನ ಮಾನ ನೆನಪಾಯಿತು. ಮುಂದಿನ ಸಾಲಿಗೆ ಹಾರಿ, ಗಡಬಡಿಸಿ ಮುಗಿಸಿದೆ.

"ಆಗ್ಲಿ ಬುಡಿ. ಬಸ್ಸಿಗ್ ಒತ್ತಾಯ್ತು, ಒಲ್ಡಿ" ಎಂದರು. ಆ ವಾರ ಕಳೆಯುವುದರೊಳಗೆ ತೀರಿಕೊಂಡರು.

ಸಮಾಧಿಯ ದಿನ ಚರ್ಚಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆತಗೂರು ಹೋಬಳಿಯ ಹಳ್ಳಿಗಳಿಂದ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಜಗಳವಾಡುವ ಎರಡೂ ಪಕ್ಷಗಳ ಮುಖಂಡರು ಹಾರ ಹಿಡಿದು ಒಂದೇ ಸಾಲಿನಲ್ಲಿ ನಿಂತಿದ್ದರು. ಸಭಾಪಾಲಕರು ನನ್ನ ಬಳಿ ಬಂದು ಪ್ರಾರ್ಥನೆ ಮಾಡಲು ಕೇಳಿದರು. ಗಂಟಲು ಕಟ್ಟಿದೆ ಎಂದೆ. ದುಃಖದಿಂದ ಎಂದುಕೊಂಡು ಅವರು ನನ್ನ ಬೆನ್ನು ಸವರಿದರು.

ಮುಂದಿನ ಪ್ರಭುಭೋಜನದ ಭಾನುವಾರ, ರೊಟ್ಟಿ ಮುರಿಯುವ ಮೊದಲು, ಅನುಮತಿ ಕೇಳಿ ಎದ್ದು ನಿಂತೆ. ಇನ್ನು ತಡೆಯಲು ಆಗುತ್ತಿರಲಿಲ್ಲ. ಅಂದಿನ ಪ್ರಾರ್ಥನೆ ನರ್ಸಮ್ಮನನ್ನು ಹೊಡೆಯಲೆಂದೇ ಮಾಡಿದ್ದು, ಅದು ಪ್ರಾರ್ಥನೆಯೇ ಅಲ್ಲ, ಆಸ್ಪತ್ರೆಗೆ ಹೋಗಿಯೂ ಕ್ಷಮೆ ಕೇಳದೆ ಬಂದೆ ಎಂದು ಹೇಳಿದೆ. ಹೇಳಿ ಮುಗಿಸಿದರೂ ಕೂರಲು ಆಗದೆ ನಿಂತೇ ಇದ್ದೆ. ಸಭೆಯ ಹಿರಿಯರೊಬ್ಬರು, ಲೈನ್‌ಮನ್ ಆಗಿದ್ದವರು, ಶುಕ್ರವಾರದ ಕೂಟಕ್ಕೆ ತಪ್ಪದೆ ಬಂದು ಆಮೇಲೆ ನಿಲ್ಲಿಸಿದವರು, ಬೆಂಚು ಹಿಡಿದುಕೊಂಡು ಮೆಲ್ಲಗೆ ಎದ್ದರು.

"ಕೂತ್ಕಳಿ ಮೇಷ್ಟ್ರೆ. ಅವತ್ತು ನೀವ್ ಯಾರಿಗ್ ಏಳ್ತಿದ್ರಿ ಅಂತ ನಮ್ಗೆಲ್ಲ ಗೊತ್ತಿತ್ತು. ನೀವ್ ಒಬ್ರು ಏಳುದ್ರಿ, ಮಿಕ್ಕೋರೆಲ್ಲ ಆಮೆನ್ ಅಂದ್ವಿ."

ಯಾರೋ ಹೆಂಗಸರ ಸಾಲಿನಲ್ಲಿ ಅಳತೊಡಗಿದರು. ಆಮೇಲೆ ಅಕ್ಕಪಕ್ಕದವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆ ಚುನಾವಣೆಯಿಂದೀಚೆಗೆ ಮುಖ ತಿರುಗಿಸಿಕೊಂಡಿದ್ದವರೂ ಹಿಡಿದುಕೊಂಡರು. ಎಲ್ಲರೂ ನಾನು ದೊಡ್ಡ ಕೆಲಸ ಮಾಡಿದೆ ಎಂದರು. ಮಂಡ್ಯದ ಆ ಮಂಚದ ಪಕ್ಕ, ಕಾಯುತ್ತಿದ್ದವರ ಕಿವಿಗೆ ಹೇಳಬೇಕಾಗಿದ್ದ ಎರಡು ಮಾತನ್ನು ಅವರು ಮಣ್ಣಿಗೆ ಹೋದ ಮೇಲೆ ಮೈಕಿನಲ್ಲಿ ಹೇಳಿದ್ದೆ, ಅಷ್ಟೆ.