ದರ ಹೇಳದೆ ಇಳಿಸಿದ ಕಾಫಿ

2006ರಲ್ಲಿ ನಾನು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ, ಒಂದು ತೆರಿಗೆ ಸಲಹಾ ಸಂಸ್ಥೆಯಲ್ಲಿ ಮ್ಯಾನೇಜರ್ ಆಗಿದ್ದೆ. ನನ್ನದು ಟ್ರಾನ್ಸ್‌ಫರ್ ಪ್ರೈಸಿಂಗ್ ವಿಭಾಗ. ಒಂದೇ ಒಡೆತನದ ಎರಡು ಕಂಪನಿಗಳು ಬೇರೆ ಬೇರೆ ದೇಶಗಳಲ್ಲಿದ್ದು ಪರಸ್ಪರ ಸರಕು ಮಾರಿಕೊಂಡಾಗ, ಹೊರಗಿನವರಿಗೆ ಹಾಕುವ ಬೆಲೆಯನ್ನೇ ಹಾಕಬೇಕು ಎಂಬುದು ಇದರ ಮೂಲ ನಿಯಮ. ಇಲ್ಲದಿದ್ದರೆ ತೆರಿಗೆ ಕಡಿಮೆ ಇರುವ ದೇಶಕ್ಕೆ ಲಾಭವನ್ನು ಸರಿಸುವುದು ಸುಲಭ. ಭಾರತದಲ್ಲಿ ಈ ನಿಯಮಗಳು ವಿವರವಾಗಿ ಜಾರಿಗೆ ಬಂದದ್ದು 2001ರಲ್ಲಿ.

ಆ ವರ್ಷ ನಮ್ಮಲ್ಲಿಗೆ ಕಾಫಿ ವ್ಯಾಪಾರದ ಒಂದು ಕಂಪನಿ ಗುಂಪಿನ ಕೆಲಸ ಬಂತು. ಅದರ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ವಿಂಗಡಿಸುವ ಕಾರ್ಖಾನೆ, ಸಕಲೇಶಪುರದ ಪಕ್ಕದ ಆನೇಮಹಲಿನಲ್ಲಿತ್ತು. ಬೆಳೆಗಾರರಿಂದ ಖರೀದಿಸುವ ಅಧಿಕಾರವನ್ನು, ಆ ಕಾಫಿಯನ್ನು ಕೊಳ್ಳುತ್ತಿದ್ದ ತನ್ನ ರಾಟರ್‌ಡ್ಯಾಮಿನ ಕಂಪನಿಗೆ ತೆಗೆದುಕೊಂಡು, ಆನೇಮಹಲಿಗೆ ಸಂಸ್ಕರಣೆಯ ಕೂಲಿಯಷ್ಟೇ ಕೊಡುವುದು ಗುಂಪಿನ ಯೋಜನೆ. ಬೆಲೆ ಏರಿಳಿತದ ರಿಸ್ಕ್ ಹೇಗೂ ರಾಟರ್‌ಡ್ಯಾಮಿನದೇ ಎಂದು ಒಪ್ಪಂದದಲ್ಲಿತ್ತು. ಸ್ಥಳಕ್ಕೆ ಹೋಗಿ ಅದನ್ನು ಖಚಿತಪಡಿಸಿ ವರದಿ ಬರೆಯುವುದು ನನ್ನ ಕೆಲಸ. ಅಲ್ಲೇ ಹತ್ತಿರದ ಆಲೂರಿನವಳು ಎಂಬ ಕಾರಣಕ್ಕೆ ನನ್ನನ್ನೇ ಕಳಿಸಿದರು.

ಮೇ ತಿಂಗಳಲ್ಲಿ ಆನೇಮಹಲಿಗೆ ಹೋದೆ. ವರ್ಕ್ಸ್ ಮ್ಯಾನೇಜರ್ ರುದ್ರೇಶಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲಿ ಗೇಟಿನವರೆಗೂ ಬಂದು ಇಂಗ್ಲಿಷಿನಲ್ಲಿ ಸ್ವಾಗತಿಸಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ.

“ಯಾವೂರು ಮೇಡಂ?”

“ಆಲೂರು.”

“ಆಲೂರಲ್ಲಿ ಯಾರ ಪೈಕಿ?”

“ರಾಗಿ ಮಂಡಿ ಬಸವರಾಜಪ್ಪನವರ ಮಗಳು.”

“ಅಯ್ಯೋ, ಮಂಡಿ ಬಸವರಾಜಣ್ಣನ ಮಗಳಾ! ಮೊದ್ಲೇ ಹೇಳ್ಬಾರ್ದಾ? ಹಾಲೆಂಡಿಂದ ಮೇಡಂ ಬತ್ತಾರೆ ಅಂತ ಸಕಲೇಶಪುರದಿಂದ ಬ್ರೆಡ್ಡು ಬೆಣ್ಣೆ ತರ್ಸಿಟ್ಟಿದ್ದೀನಿ. ಲೇ, ಅಕ್ಕಿ ರೊಟ್ಟಿ ಹಾಕಕ್ಕೆ ಹೇಳ್ರೋ!”

ರೊಟ್ಟಿ ತಿಂದ ಮೇಲೆ ಪ್ರಶ್ನೆಗಳನ್ನು ಶುರುಮಾಡಿದೆ. ಯಾರು ಏನು ಮಾಡುತ್ತಾರೆ, ಯಾವ ರಿಸ್ಕ್ ಯಾರದು ಎಂದು ಕೇಳಿ ದಾಖಲಿಸುವ ಈ ಸಂದರ್ಶನವನ್ನು ಫಂಕ್ಷನಲ್ ಅನಾಲಿಸಿಸ್ ಎನ್ನುತ್ತೇವೆ. ಖರೀದಿಯಲ್ಲಿ ನಿಮಗೇನು ರಿಸ್ಕ್ ಎಂದು ಕೇಳಿದೆ. “ರಿಸ್ಕ್ ಏನೂ ಇಲ್ಲಮ್ಮ. ಬೆಂಕಿಗೆ ಇನ್ಶೂರೆನ್ಸ್ ಐತೆ, ಕಳ್ಳರಿಗೆ ವಾಚ್‌ಮನ್ ಅವ್ನೆ” ಎಂದರು. ಅದನ್ನೇ ಬರೆದುಕೊಂಡೆ. ಒಪ್ಪಂದದ ಮಾತಿಗೂ ಅದಕ್ಕೂ ತಾಳೆಯಿತ್ತು.

ಆದರೆ ಖರೀದಿ ರಾಟರ್‌ಡ್ಯಾಮಿಗೆ ಹೋಗುವ ಸುದ್ದಿ ಅವರಿಗೂ ತಲುಪಿತ್ತು. “ಕಾಫಿ ಇಳಿಸಿದ ದಿನವೇ ಮೇಲಿಂದ ರೇಟು ಬತ್ತದಂತೆ. ಹಂಗಾದ್ರೆ ನಮ್ಮ ಗೇಟಿಗೆ ಒಂದು ಜೀಪೂ ಬರಲ್ಲ” ಎಂದರು. ಯಾಕೆ ಎಂದು ಕೇಳುವಷ್ಟರಲ್ಲಿ ಯಸಳೂರಿನ ಬೆಳೆಗಾರ ಮಲ್ಲೇಗೌಡರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು.

“ರುದ್ರೇಶಪ್ಪೋರೆ, ಇವತ್ತು ರೇಟ್ ಫಿಕ್ಸ್ ಮಾಡ್ಬುಡಿ. ಇನ್ನೂ ಕಾದ್ರೆ ನಮ್ಮನೆಯೋಳು ನನ್ನೇ ಹೊರಗೆ ಹಾಕ್ತಾಳೆ.”

“ನಿಮ್ಮ ಕಾಫಿ ಎಲ್ಲೈತೆ ಗೊತ್ತೇನ್ರೀ ಗೌಡ್ರೆ? ಹಡಗು ಹತ್ತಿ ಹೋಗ್ಬುಡ್ತು.”

“ಕಾಫಿ ಹೋದ್ರೆ ಹೋಗ್ಲಿ ಮಾರಾಯ, ನನ್ ರೇಟು ಇಲ್ಲೇ ಐತಲ್ಲ!”

ಇಬ್ಬರೂ ನಕ್ಕರು. ನಾನು ಪೆನ್ನು ಕೆಳಗಿಟ್ಟೆ. ಫೆಬ್ರವರಿಯಲ್ಲಿ ಇಳಿಸಿದ ಕಾಫಿಗೆ ಮೇನಲ್ಲಿ ಬೆಲೆ ನಿಗದಿಯಾಗುತ್ತಿತ್ತು. ಇದು ಆ ಕಡೆ ನಡೆದು ಬಂದ ಪದ್ಧತಿ. ಬೆಳೆಗಾರ ದರ ಹೇಳದೆ ಮೂಟೆ ಇಳಿಸಿ ಹೋಗುತ್ತಾನೆ. ತನಗೆ ಒಪ್ಪಿದ ದಿನ ಬಂದು ಆ ದಿನದ ಮಾರುಕಟ್ಟೆ ದರಕ್ಕೆ ವ್ಯಾಪಾರ ಮುಗಿಸುತ್ತಾನೆ. ಅಷ್ಟರಲ್ಲಿ ಕಾಫಿ ಕ್ಯೂರಿಂಗ್ ಆಗಿ, ಹಳೆಯ ಬೆಲೆಗೆ ರಾಟರ್‌ಡ್ಯಾಮಿಗೆ ಮಾರಾಟವೂ ಆಗಿರುತ್ತದೆ. ನಡುವೆ ದರ ಏರಿದರೆ ವ್ಯತ್ಯಾಸವನ್ನು ಆನೇಮಹಲು ಕೈಯಿಂದ ತುಂಬಬೇಕು. ದರ ಇಳಿದಾಗಲಾದರೂ ಉಳಿತಾಯವಾಗುತ್ತದೆಯೇ ಎಂದು ಗೌಡರು ಹೋದ ಮೇಲೆ ಕೇಳಿದೆ. ಆಗ ರಾಟರ್‌ಡ್ಯಾಮ್ ತಾನು ಮೊದಲು ಒಪ್ಪಿದ್ದ ಬೆಲೆಯನ್ನೂ ಇಳಿಸುತ್ತಿತ್ತಂತೆ.

“ಇದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?”

“ಇದು ರಿಸ್ಕಾ? ಇದು ನಂಬಿಕೆ ಕಣಮ್ಮ. ಇವತ್ತೇ ಮಾರು ಅಂತ ನಾನು ಹೇಳಿದ್ರೆ ಅವ್ರು ಪಕ್ಕದ ವರ್ಕ್ಸಿಗೆ ಹೋಯ್ತಾರೆ.”

ವಾಪಸು ಹೋಗಿ, ಬೆಲೆಯ ರಿಸ್ಕ್ ಹೊರುತ್ತಿರುವುದು ಆನೇಮಹಲು, ಆದ್ದರಿಂದ ಅದಕ್ಕೆ ಸಲ್ಲುವ ಲಾಭವೂ ಅಲ್ಲಿಯದೇ ಎಂದು ವರದಿ ಬರೆದೆ. ಗುಂಪಿನ ಹಣಕಾಸು ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. “ಒಪ್ಪಂದದಲ್ಲಿ ಹಾಗಿಲ್ಲವಲ್ಲ?” ಎಂದರು. ನನ್ನ ಮೇಲಧಿಕಾರಿ ಮಾರ್ಗ್ರೀಟ್ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ಹೋದ ವರ್ಷ ದರ ಏರಿದಾಗ ನಷ್ಟ ತುಂಬಿದವರು ಯಾರು?”

ಉತ್ತರ ಎಲ್ಲರಿಗೂ ಗೊತ್ತಿತ್ತು. ಖರೀದಿ ರಾಟರ್‌ಡ್ಯಾಮಿಗೆ ಬೇಕೆಂದರೆ ಮಲ್ಲೇಗೌಡರಂಥವರಿಗಾಗಿ ಕಾಯುವ ನಷ್ಟವನ್ನೂ ರಾಟರ್‌ಡ್ಯಾಮೇ ಹೊರಬೇಕು ಎಂದೆವು. ದರವೇ ಗೊತ್ತಿಲ್ಲದ ಕಾಫಿಯನ್ನು ಕೊಳ್ಳಲು ಅಲ್ಲಿ ಯಾರೂ ಸಿದ್ಧರಿರಲಿಲ್ಲ. ಯೋಜನೆ ಕೈಬಿಟ್ಟರು. ರಾಟರ್‌ಡ್ಯಾಮ್ ಒಮ್ಮೆ ಒಪ್ಪಿದ ಬೆಲೆಯನ್ನು ಮುಂದೆ ದರ ಇಳಿದರೂ ಕಡಿಮೆ ಮಾಡುವಂತಿಲ್ಲ ಎಂದು ಒಪ್ಪಂದವನ್ನು ತಿದ್ದಿದರು.

ಅಲ್ಲಿಂದ ಮುಂದೆ ಯಾವ ಕಂಪನಿಗೆ ಹೋದರೂ ‘ನಿಮ್ಮ ರಿಸ್ಕ್ ಏನು’ ಎಂದು ನಾನು ಕೇಳಲಿಲ್ಲ. ಬೆಲೆ ತಿರುಗಿಬಿದ್ದ ದಿನ ನೀವು ಏನು ಮಾಡಿದಿರಿ ಎಂದು ಕೇಳುತ್ತಿದ್ದೆ. ಜನ ದಿನವೂ ಹೊರುವ ಭಾರಕ್ಕೆ ಹೆಸರಿಟ್ಟಿರುವುದಿಲ್ಲ ಎಂದು ಈ ವೃತ್ತಿ ನನಗೆ ಕಲಿಸಿತು.

ಮುಂದಿನ ಕೊಯ್ಲಿನ ಹೊತ್ತಿಗೆ ರುದ್ರೇಶಪ್ಪ ಫೋನ್ ಮಾಡಿದರು. “ಖರೀದಿ ನಮ್ಮತ್ರನೇ ಉಳ್ಕೊಂತು ಕಣಮ್ಮ. ಲಾಭ ನಷ್ಟ ಎರಡೂ ಇನ್ಮೇಲೆ ನಿಮ್ದೇ ಅಂತ ಕಾಗದ ಬಂದೈತೆ.”

“ನಷ್ಟ ಮೊದ್ಲಿಂದ್ಲೂ ನಿಮ್ದೇ ಆಗಿತ್ತಲ್ಲ?”

“ಹೌದು. ಈಗ ಅದಕ್ಕೊಂದು ಜೊತೆ ಸಿಕ್ತು.”