ಹುಣ್ಣಿಮೆ ಪಾಳಿಯ ಕಾರು

ನಾನು ಮದುವೆಯಾಗಿ ಕರಜಗಿಗೆ ಬಂದಾಗ ಗಂಡನ ಮನೆಯ ದನದ ಕೊಟ್ಟಿಗೆಯಲ್ಲಿ ಎರಡು ಜೋಡಿ ಎತ್ತು, ಒಂದು ಎಮ್ಮೆ ಮತ್ತು ಒಂದು ಅಮೆರಿಕದ ಕಾರು ಇದ್ದವು. ಮಾವ ಮುಂಬೈಯಲ್ಲಿ ಒಬ್ಬ ಸೇಠರ ಡ್ರೈವರಾಗಿದ್ದವರು. ಸೇಠರು ತೀರಿಕೊಂಡ ಮೇಲೆ, ಬಿಡಿಭಾಗ ಸಿಗದ ಆ ಅರವತ್ತರ ದಶಕದ ಕಾರನ್ನು ಅವರ ಮಕ್ಕಳು ಮಾವನಿಗೇ ಕೊಟ್ಟುಬಿಟ್ಟಿದ್ದರು. ಉದ್ದ ಮೂತಿ, ಮೊಂಡು ಬಾಲ, ಎರಡೇ ಬಾಗಿಲು. ಮುಂದಿನ ಜಾಲರಿಯ ನಡುವೆ ಓಡುವ ಕುದುರೆ, ಹಿಂದೆ ಎರಡೂ ಕಡೆ ಸಾಲಾಗಿ ನಿಂತ ಉದ್ದನೆಯ ಕೆಂಪು ದೀಪಗಳು. ಶುರು ಮಾಡಿದರೆ ಎಂಟು ಸಿಲಿಂಡರಿನ ಸದ್ದಿಗೆ ಎಮ್ಮೆ ಹಗ್ಗ ಹರಿದುಕೊಂಡು ಓಡುತ್ತಿತ್ತು.

ಸ್ಟೇರಿಂಗ್ ಎಡಗಡೆ ಇತ್ತು. ಮುಂದಿನ ಗಾಡಿಯನ್ನು ದಾಟುವಾಗ ಎದುರು ಬರುವ ಲಾರಿ ಮಾವನಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಜತ್ತದ ಸಂತೆಗೆ ಹೋಗುವಾಗ ಬಲಗಡೆಯ ಸೀಟಿನಲ್ಲಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಸೆರಗು ಹೊದ್ದು, ಕತ್ತು ಹೊರಗೆ ಹಾಕಿ "ಹೋಗ್ರಿ ಮಾವಾರ, ಹಾದಿ ಖಾಲಿ ಐತಿ" ಎನ್ನುವುದು ನನ್ನ ಕೆಲಸ. ಪೆಟ್ರೋಲ್ ಹಾಕುವ ಬಾಯಿ ಬಾಲದ ನಟ್ಟನಡುವೆ ಇತ್ತು. ಒಮ್ಮೆ ಪಂಪಿನಲ್ಲಿ ಅವರು ಡಿಕ್ಕಿ ತೆರೆದು ನನ್ನ ಅಂಗೈಯನ್ನು ಅದರ ತಳಕ್ಕೆ ಒತ್ತಿಸಿದರು. ತಗಡು ತಣ್ಣಗೆ ನಡುಗುತ್ತಿತ್ತು.

"ಇದು ತಳ ಅಲ್ಲವ್ವಾ, ಟಾಕಿ. ಟಾಕಿ ಮ್ಯಾಲಿನ ತಗಡನ್ನ ಡಿಕ್ಕಿ ತಳಾ ಮಾಡ್ಯಾರ ನೋಡು," ಎಂದು ನಕ್ಕರು.

ಮಾವ ಸತ್ತದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಮೇಲೆ ಆಸ್ತಿ ಪಾಲಾಗುವ ವಾಟಣಿಯಾಯಿತು. ಹಿರಿಯರು ಹೊಲ ಅಳೆದರು, ಎತ್ತು ಹಂಚಿದರು. ಬಾವಿಯನ್ನು ಹಂಚಲಾಗದು, ಅದಕ್ಕೆ ಪಾಳಿ ಹಚ್ಚಿದರು. ಅಮಾವಾಸ್ಯೆಯ ಪಕ್ಷ ಗಂಡನ ಅಣ್ಣನಾದ ಭಾವನದು, ಹುಣ್ಣಿಮೆಯ ಪಕ್ಷ ನನ್ನ ಗಂಡನದು. ಪಾಳಿ ಬಂದವರು ಬಾವಿಯ ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹೊಡೆದು ನೀರೆತ್ತಬೇಕು. ಕಾರಿನ ಮಾತು ಬಂದಾಗ ಹಿರಿಯರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. "ಅದಕ್ಕೂ ಬಾವೀ ಪಾಳೀನ ಹಚ್ಚಿಬಿಡ್ರಿ," ಎಂದು ಹೇಳಿ ಎದ್ದುಹೋದರು.

ನನ್ನನ್ನು ಕೇಳಿದ್ದರೆ ಅವತ್ತೇ ಗುಜರಿಗೆ ಹಾಕಿಸುತ್ತಿದ್ದೆ. ಅಣ್ಣತಮ್ಮಂದಿರಿಗೆ ಮೊದಲೇ ಎಣ್ಣೆ ಸೀಗೇಕಾಯಿ. ಒಂದು ಹೆಣ ಬೀಳದೆ ಇದು ನಿಲ್ಲದೆಂದು ನನಗೆ ಖಾತ್ರಿಯಾಗಿತ್ತು. ಅದು ನನ್ನ ಗಂಡನದಾಗದಿರಲಿ ಎಂದು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ. ಭಾವನ ಬಗ್ಗೆ ಏನೂ ಬೇಡಿಕೊಳ್ಳಲಿಲ್ಲ.

ಭಾವ ವಡಾಪ್ ಹೊಡೆಯುವವನು. ಅಂದರೆ ಜೀಪಿನಲ್ಲಿ ಉಸಿರಾಡಲೂ ಜಾಗವಿಲ್ಲದಂತೆ ಜನರನ್ನು ತುಂಬಿಕೊಂಡು ಸನಮಡಿ, ಜತ್ತ ಎಂದು ತಿರುಗುವ ದಂಧೆ. ತನ್ನ ಪಾಳಿಯಲ್ಲಿ ಈ ಕಾರಿಗೂ ಹಾಗೇ ಜನ ತುಂಬಿದ. ನೆಲಕ್ಕೆ ಅಂಟಿದಂತಿದ್ದ ಅದರ ಹೊಟ್ಟೆ ಕಲ್ಲಿಗೆ ತಾಗಿ ಸೈಲೆನ್ಸರ್ ಹರಿದುಹೋಯಿತು. ನನ್ನ ಗಂಡ ಜ್ಯಾಕಿನ ರಾಡಿನಿಂದ ಅಣ್ಣನ ಬಾಯಿಗೆ ಹೊಡೆದ. ಭಾವ ಹಲ್ಲನ್ನೂ ರಕ್ತವನ್ನೂ ಒಟ್ಟಿಗೆ ಉಗುಳಿ, ಕಲ್ಲೆತ್ತಿ ಹಿಂದಿನ ಒಂದು ದೀಪ ಒಡೆದ. ಅಲ್ಲಿಂದ ಜಗಳಕ್ಕೊಂದು ದೀಪ. ದೀಪಗಳೆಲ್ಲ ಮುಗಿಯುವ ಹೊತ್ತಿಗೆ ನನ್ನ ಗಂಡನ ಕಿವಿ ಸೀಳಿತ್ತು, ಭಾವನ ಬೆರಳು ಮುರಿದಿತ್ತು. ಭಾವನ ಹೆಂಡತಿ ವೈನಿಯ ಕೂದಲು ನನ್ನ ಕೈಯಲ್ಲಿ, ನನ್ನದು ಅವಳ ಕೈಯಲ್ಲಿ.

"ಕೊಯ್ದ ಬಿಡೂಣು," ಎಂದ ಭಾವ ಒಂದು ದಿನ.

ನನ್ನ ಗಂಡನಿಗೆ ವೆಲ್ಡಿಂಗ್ ಅಂಗಡಿ ಇತ್ತು. ಗ್ಯಾಸ್ ಕಟರ್ ತಂದ. ಇಂಜಿನ್ ಇರುವ ಮುಂಭಾಗ ಭಾವನಿಗೆ, ಹಿಂಭಾಗ ನಮಗೆ. ಪೆಟ್ರೋಲನ್ನು ಪೈಪಿನಿಂದ ಎಳೆದು ತೆಗೆದರು. ಬಾಗಿಲುಗಳ ಹಿಂದೆ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆದವನು ಭಾವನೇ. ಮಧ್ಯಾಹ್ನದ ಹೊತ್ತಿಗೆ ಕಾರು ಎರಡಾಗಿ ಬಿತ್ತು. ಆಗ ಭಾವನ ಕಣ್ಣು ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಬಿತ್ತು.

"ಅಚ್ಚಿಲ್ಲದ ಇಂಜಿನ್ ತಗೊಂಡು ನೆಕ್ಕಲೇನು? ಅದೂ ನಂದ."

"ಗೆರಿ ಹಾಕಿದಾವ ನೀನ, ಅಣ್ಣಾ. ಗೆರಿ ಹಿಂದಿಂದು ನಂದು."

ಭಾವ ನಟ್ಟು ಬಿಚ್ಚುವ ಪಾನಾ ಎತ್ತಿ ತಮ್ಮನ ಮೊಣಕಾಲಿಗೆ ಬಾರಿಸಿದ. ಅವನು ಕುಸಿದ ಕೂಡಲೇ ಉರಿಯುತ್ತಿದ್ದ ಕಟರ್ ಕಿತ್ತುಕೊಂಡು ಡಿಕ್ಕಿ ತೆರೆದ. ಮೇಲಿನಿಂದ ತಳ ಕೊಯ್ದು ಅಚ್ಚು ಕೀಳುವ ಲೆಕ್ಕ ಅವನದು. ಖಾಲಿ ಟಾಕಿಯೊಳಗೆ ಉಳಿಯುವ ಪೆಟ್ರೋಲಿನ ಹವಾ ಬೆಂಕಿ ಕಂಡರೆ ಏನಾಗುತ್ತದೆಂದು ವೆಲ್ಡರನ ಹೆಂಡತಿಯಾದ ನನಗೆ ಗೊತ್ತಿತ್ತು.

"ಭಾವಾರ, ಹಚ್ಚಬ್ಯಾಡ್ರಿ! ಅದು ತಳ ಅಲ್ರಿ, ಟಾಕಿ ಐತಿ!" ಎಂದು ಕಿರುಚಿದೆ.

"ಗಂಡನ ಪಾಲ ಉಳಸಾಕ ಸುಳ್ಳ ಹೇಳ್ತೀ? ಡಿಕ್ಕಿಯೊಳಗ ಯಾರರ ಟಾಕಿ ಇಡ್ತಾರೇನ?"

ಅವನ ಜೀಪಿನ ಟಾಕಿ ಸೀಟಿನ ಕೆಳಗಿತ್ತು. ಅಲ್ಲದೆ ವಾಟಣಿ ನಡೆದ ಮನೆಯಲ್ಲಿ ಯಾರ ಮಾತೂ ಬರೀ ಮಾತಾಗಿ ಉಳಿಯುವುದಿಲ್ಲ, ಎಲ್ಲವೂ ಪಾಲು ಹೊಡೆಯುವ ಉಪಾಯವಾಗಿ ಕೇಳಿಸುತ್ತದೆ. ಅವನು ಬೆಂಕಿಯನ್ನು ತಗಡಿಗೆ ಹಿಡಿದ. ನನ್ನ ಗಂಡ ಕಾಲೆಳೆಯುತ್ತ ಎದ್ದು, ಅಣ್ಣನನ್ನು ಹಿಂದಿನಿಂದ ತಬ್ಬಿ ಆಚೆಗೆ ಎಸೆದ.

ಸದ್ದು ನನಗೆ ನೆನಪಿಲ್ಲ. ತಗಡು ಎದ್ದು ಬಂದು ನನ್ನ ಗಂಡನ ಕುತ್ತಿಗೆಗೆ ಬಡಿದದ್ದು ನೆನಪಿದೆ. ಸೆರಗು ಒತ್ತಿ ಹಿಡಿದೆ, ರಕ್ತ ಬೆರಳ ಸಂದಿಯಿಂದ ಬಿಸಿಬಿಸಿಯಾಗಿ ಹರಿಯಿತು. ಜತ್ತದ ದವಾಖಾನೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು. ಭಾವನ ಅರ್ಧ ಮುಖ ಸುಟ್ಟಿತು, ಜೀವ ಉಳಿಯಿತು.

ದಿನಕರ್ಮ ಮುಗಿದ ಮೇಲೆ ಭಾವ ಕಾರಿನ ಮುಂಭಾಗವನ್ನು ಎತ್ತು ಕಟ್ಟಿ ಎಳೆಸಿಕೊಂಡು ನನ್ನ ಅಂಗಳಕ್ಕೆ ಬಂದ. "ಇದೂ ನಿಂದ ತಂಗೀ. ಪೂರಾ ನಿಂದ," ಎಂದ. ನಾನು ಗಂಡನ ದೊಡ್ಡ ಸುತ್ತಿಗೆ ತಂದೆ. ಮೊದಲು ಆ ಕುದುರೆಗೆ ಹೊಡೆದೆ, ಆಮೇಲೆ ದುಂಡು ದೀಪಗಳಿಗೆ, ಹೊಳೆಯುವ ಬಂಪರಿಗೆ, ಉದ್ದ ಬಾನೆಟ್ಟಿಗೆ. ಭಾವ ತಲೆ ತಗ್ಗಿಸಿ ನಿಂತೇ ಇದ್ದ.

"ಸಾಕಾತೇನವ್ವಾ?" ಎಂದ.

ಅವನಿಗೆ ಹೊಡೆದೆ. ಬಲ ಭುಜದ ಎಲುಬು ಮುರಿದ ಸದ್ದು ಕೇಳಿಸಿತು. ಅವನು ನೆಲಕ್ಕೆ ಕುಳಿತ. ದವಾಖಾನೆಯಲ್ಲಿ ಎತ್ತು ಹಾಯಿತೆಂದು ಹೇಳಿದನಂತೆ. ನನಗೆ ಅವತ್ತೂ ಪಶ್ಚಾತ್ತಾಪವಿರಲಿಲ್ಲ, ಇವತ್ತೂ ಇಲ್ಲ.

ಆ ಕೈ ಮತ್ತೆ ಮೇಲೇಳಲಿಲ್ಲ. ಬಾವಿಯ ಇಂಜಿನ್ನಿನ ಹ್ಯಾಂಡಲ್ ಅವನಿಂದ ತಿರುಗುವುದಿಲ್ಲ. ಅಮಾವಾಸ್ಯೆಯ ಪಾಳಿ ಬಂದರೆ ಬಾವಿಯ ಕಟ್ಟೆಯ ಮೇಲೆ ಕುಳಿತು ಕಾಯುತ್ತಾನೆ. ನಾನು ಹೋಗಿ ಹ್ಯಾಂಡಲ್ ಹೊಡೆದು, ಕಾಲುವೆಗೆ ನೀರು ಬಿದ್ದದ್ದು ನೋಡಿ ತಿರುಗಿ ಬರುತ್ತೇನೆ. ನಾನು ಬರಲಿಕ್ಕಿಲ್ಲ ಎಂದು ಅವನಿಗೆ ಒಂದು ಸಲವೂ ಅನ್ನಿಸಿದಂತಿಲ್ಲ. ನನಗೆ ಇನ್ನೂ ಸಿಟ್ಟು ಬರುವುದು ಅದಕ್ಕೇ.