ನಾನು ತೋರಿಸಿದ ಕಾರ್ಬೈಡ್ ಹರಳು

ಬಾಯಿಪಾಠ ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕಲಬುರಗಿಯ ಗಾಜಿಪುರದಿಂದ ದಿನಾ ಬಸ್ಸು ಹಿಡಿದು ಕಮಲಾಪುರದ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುವವಳು ನಾನು. ಪುಸ್ತಕ ತೆಗೆಯುವ ಮೊದಲು ಮೇಜಿನ ಮೇಲೆ ಏನಾದರೊಂದು ಮಾಡಿ ತೋರಿಸಲೇಬೇಕು. ಮೊದಲು ಮಕ್ಕಳ ಕಣ್ಣು ಅರಳಬೇಕು, ಆಮೇಲೆ ಕಾರಣ. ಈ ವಿಷಯದಲ್ಲಿ ನನಗೆ ಒಳ್ಳೇ ಜಂಬವಿತ್ತು.

ಆ ದಿನ ಹತ್ತನೇ ಕ್ಲಾಸಿಗೆ ಇಂಗಾಲದ ಸಂಯುಕ್ತಗಳ ಪಾಠ. ನೆಹರು ಗಂಜ್ ಹತ್ತಿರದ ವೆಲ್ಡಿಂಗ್ ಅಂಗಡಿಯಿಂದ ಕ್ಯಾಲ್ಸಿಯಂ ಕಾರ್ಬೈಡ್ ತಂದಿದ್ದೆ; ನೋಡಲು ಬೂದುಬಣ್ಣದ ಜಲ್ಲಿಕಲ್ಲು. ಒಂದು ಹರಳನ್ನು ನೀರಿಗೆ ಹಾಕಿದೆ. ಬುಸುಬುಸು ಗುಳ್ಳೆ ಎದ್ದವು. ಕಡ್ಡಿ ಗೀರಿ ಹಿಡಿದರೆ ಹಳದಿ ಜ್ವಾಲೆ, ಅದರಿಂದ ಹಾರಿದ ಮಸಿ ಮುಂದಿನ ಬೆಂಚಿನವರ ತಲೆಯ ಮೇಲೆ. ಎಲ್ಲರೂ ನಕ್ಕರು. ಈ ಅಸಿಟಿಲೀನ್ ಅನಿಲದಲ್ಲಿ ಇಂಗಾಲ ಹೆಚ್ಚು, ಸುತ್ತಲಿನ ಗಾಳಿ ಅದಕ್ಕೆ ಸಾಲದು, ಉರಿಯದೆ ಉಳಿದ ಇಂಗಾಲವೇ ಮಸಿ ಎಂದು ವಿವರಿಸಿದೆ. ಆಮೇಲೆ ಮುಚ್ಚಳದ ಡಬ್ಬಿಯೊಳಗೆ ಕಾಳಿನಷ್ಟು ಹರಳು, ನಾಲ್ಕು ಹನಿ ನೀರು. ತಳದ ತೂತಿಗೆ ಉದ್ದನೆ ಕೋಲಿನಿಂದ ಬೆಂಕಿ ಮುಟ್ಟಿಸಿದೆ. ಢಂ! ಮುಚ್ಚಳ ಹಾರಿ ಚಾವಣಿಗೆ ಬಡಿಯಿತು. ಅನಿಲ ಮೊದಲೇ ಗಾಳಿಯೊಡನೆ ಬೆರೆತಿದ್ದರೆ ಒಂದು ಕಿಡಿಗೆ ಅಷ್ಟೂ ಒಮ್ಮೆಲೇ ಉರಿಯುತ್ತದೆ ಎಂದೆ.

ಚಪ್ಪಾಳೆಯೋ ಚಪ್ಪಾಳೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಈ ಕಲ್ಲು ನಮ್ಮ ಮನ್ಯಾಗ ಅವ ರೀ. ಬಾಳಿ ಹಣ್ಣಿಗಿ ಹಾಕೋ ಖೋಲ್ಯಾಗ ನಮ್ಮ ಕಾಕಾ ಕಾಗದದಾಗ ಕಟ್ಟಿ ಇಡ್ತಾನ."

ಅದಕ್ಕೆ ಸರ್ಕಾರದ ನಿಷೇಧವಿದೆ ಎಂದು ಗದರಲು ಬಾಯಿ ತೆರೆದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಇದಕ್ಕ ಹೊಗಿ ಬ್ಯಾಡ ಅಂತಾನ ಕಾಕಾ. ನಮ್ಮ ಆಯಿ ಕೇಳಂಗಿಲ್ಲ ರೀ. ಹೊಗಿ ಇಲ್ಲಂದ್ರ ಹಣ್ಣಿಗಿ ರುಚಿ ಬರಂಗಿಲ್ಲ ಅಂತ, ಅವ ಹೊಲಕ್ಕ ಹೋದ ಮ್ಯಾಲ ಕುಳ್ಳಿನ ಕೆಂಡದ ಗಡಗಿ ಒಳಗ ಇಡ್ತಾಳ. ಇವತ್ತ ಮುಂಜಾನಿನೇ ಖೋಲಿ ತುಂಬ್ಯಾರ. ಊಟ ಆದ ಮ್ಯಾಲ ಇಡ್ತಾಳ."

ನನ್ನ ಕಣ್ಣ ಮುಂದೆ ಬಂದದ್ದು ಈಗ ಡಬ್ಬಿಯಲ್ಲ. ಕಿಟಕಿಗೆ ಗೋಣಿಚೀಲ ಬಡಿದು ಮುಚ್ಚಿದ, ಕಾಯಿಗಳ ತೇವಕ್ಕೇ ಬೆಳಗಿನಿಂದ ಅನಿಲ ತುಂಬಿಕೊಂಡ ಇಡೀ ಕೋಣೆ, ಅದರೊಳಗೆ ಬೆರಣಿಯ ಕೆಂಡ ಹಿಡಿದು ಹೋಗುವ ಅವಳ ಅಜ್ಜಿ. ಹುಡುಗಿ ಹೇಳಿದ ನಂಬರಿಗೆ ಹಚ್ಚಿದೆ; ಕಾಕಾನ ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಅಜ್ಜಿಯ ಹತ್ತಿರ ಫೋನೇ ಇಲ್ಲ. ಕ್ಲಾಸನ್ನು ಹಾಗೇ ಬಿಟ್ಟು ಹುಡುಗಿಯ ಹಿಂದೆ ಓಡಿದೆ. ನಡುದಾರಿಯಲ್ಲಿ ಚಪ್ಪಲಿ ಕಿತ್ತುಹೋಯಿತು.

ನಾವು ಅಂಗಳಕ್ಕೆ ಕಾಲಿಟ್ಟಾಗ ಆಯಿ ಒಂದು ಕೈಯಲ್ಲಿ ಹೊಗೆಯಾಡುವ ಗಡಿಗೆ ಹಿಡಿದು, ಇನ್ನೊಂದು ಕೈಯಿಂದ ಚಿಲಕ ತೆಗೆಯುತ್ತಿದ್ದಳು. ನಾನು ಕಿರುಚಿದೆ. ಏನೆಂದು ಕಿರುಚಿದೆನೋ ಈಗಲೂ ನೆನಪಿಲ್ಲ. ಗಡಿಗೆ ಕಸಿದು ದೂರ ಎಸೆದೆ. ಅದು ಒಡೆದು ಚೂರಾಯಿತು. ಹುಡುಗಿ ಕೆಂಡದ ಮೇಲೆ ಬಕೆಟ್ಟು ನೀರು ಸುರಿದಳು.

"ಹುಚ್ಚ ಹಿಡದದೇನ ನಿನಗ? ಯಾರವಾ ನೀ?" ಎಂದು ಆಯಿ ನನ್ನ ಮೇಲೆ ರೇಗಿದಳು.

ಕೆಂಡ ಪೂರ್ತಿ ಆರಿದ ಮೇಲೆ ಬಾಗಿಲು ತೆರೆದೆವು. ಕಾರ್ಬೈಡಿನ ಬೆಳ್ಳುಳ್ಳಿಯಂಥ ಘಾಟು ಮೂಗಿಗೆ ಬಡಿಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅಷ್ಟರಲ್ಲಿ ಕಾಕಾ ಬೈಕಿನಲ್ಲಿ ಬಂದ. ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಅವನ ಮೇಲೆ ಹರಿಯಿತು. "ಅಕಲ್ ಅದನೋ ಇಲ್ಲೋ ನಿಮಗ? ಕೆಂಡ ಒಳಗ ಹೋಗಿದ್ರ ಇಡೀ ಖೋಲಿ ಹಾರಿಹೋಗ್ತಿತ್ತು! ಈ ಉಪದ್ವ್ಯಾಪ ಯಾರ ಕಲಿಸ್ಯಾರ?"

ಅವನು ನನ್ನನ್ನು ದಿಟ್ಟಿಸಿ ನೋಡಿದ. ಆಮೇಲೆ ಕೈ ಮುಗಿದು ನಕ್ಕ.

"ನೀವೇ ರೀ ಮೇಡಂ. ನಾ ನಿಮ್ಮ ಸ್ಟೂಡೆಂಟ್ ಇದ್ದೀನ್ರಿ. ಕಾಯಿ ಬಾಳಿ ಡಬ್ಬ್ಯಾಗ ಇಟ್ಟು ಸಂಗಾಟ ಈ ಕಲ್ಲು ಇಟ್ರಿ, ಎರಡ ದಿನಕ್ಕ ಹಣ್ಣಾಗಿತ್ತು. ಯಾಕಂತ ಎಷ್ಟ ಚಂದ ಹೇಳಿದ್ರಿ! ಎಸ್ಸೆಸ್ಸೆಲ್ಸಿ ನಪಾಸಾದೆ, ಖರೆ ಅದೊಂದ ಪಾಠ ಮರ್ತಿಲ್ರಿ."

ಚುಚ್ಚಿ ಆಡಿದ ಮಾತಲ್ಲ ಅದು, ಮನಸಾರೆ ಹೊಗಳುತ್ತಿದ್ದ. ಹೌದು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೆ ಮಾಡಿ ತೋರಿಸುತ್ತಿದ್ದೆ. ಹಣ್ಣಾಗಲು ಕಾಯಿ ತಾನೇ ಹೊರಬಿಡುವುದು ಎಥಿಲೀನ್ ಅನಿಲ, ಅದೇ ಬಂತೆಂದು ಅಸಿಟಿಲೀನಿಗೆ ಮೋಸಹೋಗಿ ಹಣ್ಣಾಗುತ್ತದೆ ಎಂದು ಹೇಳುತ್ತಿದ್ದೆ. ಬೆಂಕಿಯ ಮಾತು, ಆ ಕಲ್ಲಿನಲ್ಲಿ ಬೆರೆತ ವಿಷದ ಮಾತು ಎತ್ತಿರಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

ಆಯಿ ಹತ್ತಿರ ಬಂದು, ಸೆರಗು ಸರಿಸಿ ಎಡಗೈ ಮುಂದೆ ಚಾಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಟ್ಟು ಮುದುಡಿ ಹೊಳೆಯುತ್ತಿತ್ತು.

"ಅಂದ್ರ ಹೋದ ವರ್ಷ ಭಗ್ ಅಂದದ್ದು ಇದೇ ಏನ್ರೀ, ಮೇಡಂ? ನಾ ಕೆಂಡ ಸಿಡೀತು ಅಂತ ತಿಳ್ಕೊಂಡಿದ್ದೆ. ಯಾಕ ಹಂಗ ಆತು? ನನಗ ತಿಳ್ಯಾಂಗ ಹೇಳ್ರಿ."

"ನನ್ನಿಂದ ಆಗ್ಯದ ಆಯಿ," ಎಂದೆ. ಅನಿಲದ ಮಾತು ನನ್ನ ಬಾಯಿಗೆ ಬರಲೇ ಇಲ್ಲ.